ಗಾಳಿಗೊಂದು ತೂಗುಗುಂಡು

ಆ ಬೀದಿಯಲ್ಲಿ ಮೇಸ್ತ್ರಿ ಅಂದರೆ ಒಬ್ಬನೇ. ಬೇರೆ ಮೇಸ್ತ್ರಿಗಳು ಇರಲಿಲ್ಲ ಅಂತಲ್ಲ. ಇದ್ದರು, ಆದರೆ ಅವರ ಮಾತು ಬಂದಾಗ ಜನ 'ಆ ಇನ್ನೊಬ್ಬ ಮೇಸ್ತ್ರಿ' ಅನ್ನುತ್ತಿದ್ದರು. ಬೀದಿಯ ಎಡಸಾಲಿನ ಅಷ್ಟೂ ಮನೆಗಳನ್ನು ಕಟ್ಟಿದವನು ಇವನು. ಈಗ ಕರಣೆ ಕೆಳಗಿಟ್ಟಿದ್ದರೂ, ಸಂಜೆ ಅಡ್ಡಾಡಲು ಹೊರಟರೆ ಒಂದೊಂದು ಗೋಡೆಯನ್ನೂ ಅಂಗೈಯಿಂದ ತಟ್ಟಿ, ಚೆನ್ನಾಗಿದ್ದೀಯಾ ಅಂತ ವಿಚಾರಿಸಿಕೊಂಡೇ ಮುಂದೆ ಹೋಗುತ್ತಿದ್ದ. ಸಾಲಿನ ಕೊನೆಯ ಮನೆ ಅವನದೇ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳ್ತಾರಾ" ಎಂದು ಹೆಂಡತಿ ಕೆಣಕಿದರೆ, "ಹೆಗ್ಗಣ ನುಗ್ಗೋಕೆ ಈ ಮನೇಲಿ ಸಂದಿ ಎಲ್ಲಿದೆ, ತೋರಿಸು" ಎನ್ನುವ ಆಸಾಮಿ.

ಬಡಾಯಿಯೇ, ಆದರೆ ಸುಳ್ಳು ಬಡಾಯಿಯಲ್ಲ. ಆ ಮನೆಯ ಬಾಗಿಲು ಮುಚ್ಚಿದರೆ ಡಬ್ಬಿಯ ಮುಚ್ಚಳದಂತೆ ಕೂರುತ್ತಿತ್ತು. ಕಿಟಕಿ ಹಾಕಿದರೆ ಬೀದಿಯ ಸದ್ದು ಬೀದಿಯಲ್ಲೇ ಉಳಿಯುತ್ತಿತ್ತು. ಇಳಿಜಾರಿನ ಜಾಗವಾದ್ದರಿಂದ ಕೆಳಗಿನ ಕೋಣೆ ಅರ್ಧ ನೆಲದೊಳಗಿತ್ತು. ಅಂಥ ಕೋಣೆ ಬೇರೆಯವರ ಮನೆಯಲ್ಲಾದರೆ ಬೂಸಲು ಹಿಡಿದು ನಾರುತ್ತಿತ್ತು. ಇವನು ನೆಲದಡಿ ಮೊಳಕಾಲೆತ್ತರ ಜಲ್ಲಿ ತುಂಬಿಸಿ ಅದರ ಮೇಲೆ ಕಾಂಕ್ರೀಟು ಹಾಕಿದ್ದ. ಇಷ್ಟು ವರ್ಷದಲ್ಲಿ ಒಂದು ಹನಿ ತೇವ ಮೇಲೆ ಬಂದಿರಲಿಲ್ಲ. ಈ ಜಲ್ಲಿ ಹಾಸು ಅವನದೇ ಕೈಚಳಕ. ಎಡಸಾಲಿನ ಎಲ್ಲ ಮನೆಗಳಿಗೂ ಅದನ್ನೇ ಹಾಕಿದ್ದ.

ಅವನ ಅಂಗಿಯ ಜೇಬಿನಲ್ಲಿ ಇವತ್ತಿಗೂ ಗೋಡೆ ನೆಟ್ಟಗಿದೆಯೇ ಎಂದು ಇಳಿಬಿಟ್ಟು ನೋಡುವ ಹಿತ್ತಾಳೆಯ ತೂಗುಗುಂಡೊಂದು ಇರುತ್ತಿತ್ತು, ದಾರ ಸುತ್ತಿದ್ದು. ಗುಂಡಿನ ಜೊತೆಗೆ ಒಂದು ಕಥೆಯೂ ಇತ್ತು. ಒಮ್ಮೆ ಅವನ ಕೈಕೆಳಗಿನ ಗಾರೆಯವನೊಬ್ಬ, ವಾಲಿದ ಗೋಡೆ ನೆಟ್ಟಗೆ ಕಾಣಲಿ ಅಂತ, ಮಾಲೀಕ ನೋಡುತ್ತಿರುವಾಗಲೇ ತೂಗುಬಿಟ್ಟ ದಾರಕ್ಕೆ ಮೆಲ್ಲಗೆ ಹೆಬ್ಬೆರಳು ತಾಗಿಸಿದ. ಮೇಸ್ತ್ರಿ ನೋಡಿಬಿಟ್ಟ. ಅಲ್ಲೇ, ಮಾಲೀಕನ ಎದುರೇ, ಆಳೆತ್ತರದ ಗೋಡೆ ಕೆಡವಿಸಿದ. "ದಾರ ಸುಳ್ಳು ಹೇಳಲ್ಲ, ಬೆರಳು ಹೇಳುತ್ತೆ!" ಎಂದು ಗುಡುಗಿದ. ಊಟಕ್ಕೆ ಕೂತರೆ ಈ ಕಥೆ, ನೆಂಟರು ಬಂದರೆ ಈ ಕಥೆ. ಇಬ್ಬರು ಹೆಣ್ಣುಮಕ್ಕಳೂ ಮಗ್ಗಿ ಕಲಿಯುವ ಮೊದಲು ಇದನ್ನೇ ಬಾಯಿಪಾಠ ಮಾಡಿದ್ದರು.

ದೊಡ್ಡವಳಿಗೆ ಈಗ ಒಂದು ಹೆಣ್ಣುಮಗು. ಗಂಡನಿಗೆ ಹಡಗಿನಲ್ಲಿ ಕೆಲಸವಾದ್ದರಿಂದ ತಾಯಿ ಮಗು ಇಬ್ಬರೂ ಇದೇ ಮನೆಯಲ್ಲಿದ್ದರು. ಕೆಳಗಿನ ತಂಪು ಕೋಣೆ ಮೊಮ್ಮಗಳಿಗೆ ಅಂತ ಮೇಸ್ತ್ರಿ ಘೋಷಿಸಿ, ಸ್ವತಃ ಬಣ್ಣ ಬಳಿದು, ಸ್ವತಃ ಮಂಚ ಮಾಡಿಸಿ ತಂದಿಟ್ಟಿದ್ದ. ಮಗುವನ್ನು ಅಲ್ಲಿಗೆ ಇಳಿಸುವುದೊಂದೇ ಬಾಕಿ.

ಚಿಕ್ಕವಳದು ವಿಚಿತ್ರ ಉದ್ಯೋಗ. ಮನೆಗಳೊಳಗಿನ ಗಾಳಿ ಅಳೆಯುವುದು.

"ಗಾಳೀನ ಸೇರಲ್ಲಿ ಅಳೀತೀಯೋ, ಗಜದಲ್ಲೋ?" ಎಂದು ಮೇಸ್ತ್ರಿ ಅವಳು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಲೇ ಇದ್ದ. "ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳೋರನ್ನ ಕೇಳಿದ್ದೆ. ಗುದ್ದೋಕೆ ಸಂಬಳ ಕೊಡೋರೂ ಇದ್ದಾರೆ ಅಂತ ಈಗ ಗೊತ್ತಾಯ್ತು."

ಆ ದಿನ ಅವಳು ಅಕ್ಕನ ಮಗುವಿನ ಕೋಣೆಗೆ ಬಂದಾಗ ಕೈಯಲ್ಲಿ ಇದ್ದಿಲು ತುಂಬಿದ ಚಪ್ಪಟೆ ತಗಡಿನ ಡಬ್ಬಿ ಇತ್ತು. ಮುಚ್ಚಳ ತೆಗೆದು ಮಂಚದ ಕೆಳಗಿಟ್ಟಳು.

"ನೆಲದಡಿ ಬಂಡೆಯಿಂದ ರೇಡಾನ್ ಅಂತ ಒಂದು ಅನಿಲ ಬರುತ್ತಪ್ಪ. ಬಣ್ಣ ಇಲ್ಲ, ವಾಸನೆ ಇಲ್ಲ. ಹೊರಗಡೆ ಆದ್ರೆ ಗಾಳೀಲಿ ಚದುರಿ ಹೋಗುತ್ತೆ. ಹೀಗೆ ನೆಲಕ್ಕಿಳಿದ ಕೋಣೇಲಿ ತುಂಬ್ಕೊಳ್ಳುತ್ತೆ. ಈ ಡಬ್ಬಿ ಆ ಅನಿಲಕ್ಕೆ. ಮೂರು ದಿನ ಇಲ್ಲೇ ಇರಲಿ."

"ಅನಿಲ ತಾನೆ? ಉಸಿರಿನ ಜೊತೆ ಬರುತ್ತೆ, ಉಸಿರಿನ ಜೊತೆ ಹೋಗುತ್ತೆ."

"ಅದು ಹೋಗುತ್ತೆ. ತೊಂದರೆ ಕೊಡೋದು ಅದರ ಮರಿಗಳು. ಅನಿಲ ಒಡೆದು ಹುಟ್ಟೋ ಕಣಗಳನ್ನ ನಮ್ಮ ಆಫೀಸಲ್ಲಿ ಮರಿಗಳು ಅಂತೀವಿ. ಅವು ಧೂಳಿಗೆ ಅಂಟ್ಕೊಂಡು ತೇಲ್ತಾ ಇರ್ತವೆ. ಉಸಿರು ಎಳೆದ್ರೆ ಎದೆಯೊಳಗೆ ಕೂತು ಅಲ್ಲೇ ಸಿಡೀತವೆ. ವರ್ಷಗಟ್ಟಲೆ ಹಾಗಾದ್ರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಮರಿಗಳನ್ನ ಎಣಿಸೋಕೆ ಪಂಪು ತಗೊಂಡು ಬರ್ತೀನಿ. ಅಲ್ಲೀವರೆಗೆ ಕಿಟಕಿ ತೆಗೀಬೇಡಿ. ಫ್ಯಾನ್ ಅಂತೂ ಹಾಕಲೇಬೇಡಿ."

"ಫ್ಯಾನ್ ಯಾಕೆ ಬೇಡ?" ಎಂದು ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು.

"ಫ್ಯಾನ್ ತಿರುಗಿದ್ರೆ ಮರಿಗಳು ಗೋಡೆಗೆ, ರೆಕ್ಕೆಗೆ ಹೋಗಿ ಅಂಟ್ಕೊಳ್ತವೆ. ಗಾಳೀಲಿ ಕಮ್ಮಿ ಸಿಗ್ತವೆ. ಲೆಕ್ಕ ತಪ್ಪುತ್ತೆ."

"ಹಾಗಾದ್ರೆ ಯಾವಾಗಲೂ ಫ್ಯಾನ್ ಹಾಕ್ಕೊಂಡೇ ಇದ್ರಾಯ್ತಲ್ಲ!"

"ಚಾಪೆ ಕೆಳಗೆ ಕಸ ಗುಡಿಸಿದ ಹಾಗಾಯ್ತು ಕಣಮ್ಮ. ಅನಿಲ ಎಲ್ಲೂ ಹೋಗಿರಲ್ಲ, ಮರಿ ಹಾಕ್ತಾನೇ ಇರುತ್ತೆ. ಕರೆಂಟ್ ಹೋಯ್ತು ಅಂದ್ರೆ ಮತ್ತೆ ಮೊದಲಿನ ಹಾಗೇ."

ಅಮ್ಮ ತಲೆದೂಗಿದಳು. ಮೇಸ್ತ್ರಿಯ ಕಿವಿಗೆ ಮಾತ್ರ ಇಷ್ಟೆಲ್ಲದರಲ್ಲಿ ಒಂದೇ ಮಾತು ಬಿದ್ದಿತ್ತು: ಫ್ಯಾನ್ ಹಾಕಿದರೆ ಕಮ್ಮಿ.

ಅವನಿಗೆ ಗಾಳಿಯ ಭಯವಿರಲಿಲ್ಲ. ಭಯವಿದ್ದದ್ದು ಬಾಯಿಗಳದು. 'ಮೇಸ್ತ್ರಿ ತಾನು ಕಟ್ಟಿದ ಮನೇಲಿ ಮೊಮ್ಮಗಳನ್ನೇ ಮಲಗಿಸೋ ಹಾಗಿಲ್ಲವಂತೆ' ಎಂದು ಆ ಇನ್ನೊಬ್ಬ ಮೇಸ್ತ್ರಿ ಚಹದಂಗಡಿಯಲ್ಲಿ ಹೇಳುವುದು ಈಗಲೇ ಕೇಳಿಸಿದಂತಾಯಿತು. ತನ್ನ ಮನೆ ಪಾಸಾಗುವ ಮನೆಯೇ, ಅದರಲ್ಲಿ ಅನುಮಾನವಿಲ್ಲ. ಪಾಸಾಗುವ ಮಗುವಿನ ಬೆನ್ನ ಮೇಲೆ ಪರೀಕ್ಷೆಯ ದಿನ ಒಂದು ಕೈ ಇಟ್ಟರೆ ತಪ್ಪೇನು? ಹೀಗೆ ತನಗೆ ತಾನೇ ವಕೀಲನಾಗಿ, ತಾನೇ ಜಡ್ಜನಾಗಿ, ಬಹಳ ಬೇಗ ತೀರ್ಪು ಕೊಟ್ಟುಕೊಂಡ.

ಪಂಪಿನ ದಿನ ಬೆಳಗಾಗುತ್ತಲೇ ಕೆಳಗಿಳಿದು ಫ್ಯಾನನ್ನು ಜೋರಾಗಿ ಬಿಟ್ಟ. ತಿಂಡಿ ತಿಂದ, ಪತ್ರಿಕೆ ಓದಿದ, ಫ್ಯಾನು ಪಾಪ ದುಡಿಯುತ್ತಲೇ ಇತ್ತು. ಗೇಟಿನ ಸದ್ದು ಕೇಳಿದ್ದೇ ಓಡಿಹೋಗಿ ಸ್ವಿಚ್ಚು ಆರಿಸಿದ. ಹಾಳಾದ್ದು, ಆರಿಸಿದರೆ ತಕ್ಷಣ ನಿಲ್ಲುತ್ತದೆಯೇ? ಇನ್ನೂ ಮದುವೆಮನೆಯ ಮಕ್ಕಳಂತೆ ಸುತ್ತುತ್ತಿತ್ತು. ಆ ವಯಸ್ಸಿನಲ್ಲಿ ಸ್ಟೂಲು ಹತ್ತಿ, ರೆಕ್ಕೆಗೆ ಕೈ ಕೊಟ್ಟು ನಿಲ್ಲಿಸಿದ. ಇಳಿಯುವುದಕ್ಕೂ ಮಗಳು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಕೈಗೇನಪ್ಪ ಅದು, ಮಸಿ?"

ನೋಡಿಕೊಂಡ. ನಾಲ್ಕು ಬೆರಳಿಗೂ ಜಿಗುಟು ಕಪ್ಪು ಧೂಳು. "ಸೈಕಲ್ ಚೈನು."

"ಬೆಳಿಗ್ಗೆ ಬೆಳಿಗ್ಗೇನೇ?"

"ಚೈನಿಗೆ ಹೊತ್ತುಗೊತ್ತು ಇರುತ್ತಾ? ಬಿಚ್ಚಿಕೊಂಡಾಗ ಹಾಕಬೇಕು."

ಅವಳು ಮತ್ತೇನೂ ಕೇಳದೆ ಕೆಲಸ ಶುರುಮಾಡಿದಳು. ಮಗಳು ದುಡಿಯುವುದನ್ನು ಮೇಸ್ತ್ರಿ ನೋಡಿದ್ದು ಅದೇ ಮೊದಲು. ಮಂಚದ ಮೇಲೆ ಮಗುವಿನ ಮೂಗು ಬರುವ ಎತ್ತರಕ್ಕೆ ಸರಿಯಾಗಿ ಪಂಪಿನ ಬಾಯಿ ನಿಲ್ಲಿಸಿದಳು. ನಾಣ್ಯದಗಲದ ಬಿಳಿ ಕಾಗದವೊಂದನ್ನು ಚಿಮಟದಲ್ಲಿ ಹಿಡಿದು ಅದರ ಬಾಯಿಗೆ ಕೂರಿಸಿದಳು. ಪಂಪು ಗುರ್ರೆಂದು ಕೋಣೆಯ ಗಾಳಿಯನ್ನೆಲ್ಲ ಆ ಕಾಗದದ ಮೂಲಕ ಎಳೆಯಿತು. ನಿಲ್ಲಿಸಿದ ಮೇಲೆ ಮತ್ತೆ ಚಿಮಟದಲ್ಲೇ ಕಾಗದ ತೆಗೆದು, ಕಪ್ಪು ಪೆಟ್ಟಿಗೆಯೊಂದರೊಳಗೆ ಇಟ್ಟಳು.

"ಆಫೀಸಿಗೆ ತಗೊಂಡು ಹೋಗಿ ಎಣಿಸಲ್ವಾ?"

"ಮರಿಗಳ ಆಯಸ್ಸು ಕಮ್ಮಿ. ದಾರೀಲೇ ಅರ್ಧಕ್ಕರ್ಧ ಕರಗಿ ಹೋಗಿರ್ತವೆ. ಇಲ್ಲೇ, ಈಗಲೇ ಎಣಿಸಬೇಕು."

"ಚಿಮಟ ಯಾಕೆ? ಕೈಯಲ್ಲೇ ಎತ್ತಿಟ್ಟರೆ ಆಗಲ್ವಾ?"

"ಕಾಗದಕ್ಕೆ ಬೆರಳು ತಾಗಿಸಬಾರದಪ್ಪ." ಅವಳು ನಕ್ಕಳು. "ಯಾರ ಮಗಳು ನಾನು?"

ಮೇಸ್ತ್ರಿಯ ಎದೆ ಒಂದು ಗೇಣು ಹಿಗ್ಗಿತು. ಹಿಗ್ಗಿದ ಕಡೆಯೇ ಏನೋ ಚುಚ್ಚಿತು ಕೂಡ. ಬೆರಳುಗಳನ್ನು ಪಂಚೆಗೆ ಒರೆಸಿಕೊಂಡ.

ಪೆಟ್ಟಿಗೆ ಟಿಕ್ ಎಂದಿತು. ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್, ಟಿಕ್. ಒಂದೊಂದು ಸದ್ದಿಗೂ ಒಂದು ಮರಿ ಸಿಡಿದಿದೆ ಎಂದು ಲೆಕ್ಕವಂತೆ. ಕೊನೆಗೆ ಅವಳು ಅಂಕಿ ನೋಡಿ, "ಕಮ್ಮಿ ಇದೆ. ಅಪಾಯದ ಗೆರೆಗಿಂತ ಎಷ್ಟೋ ಕೆಳಗೆ" ಎಂದಳು. ಅವಳ ಹುಬ್ಬು ಮಾತ್ರ ಸ್ವಲ್ಪ ಗಂಟಾಗಿತ್ತು. ಮಂಚದ ಕೆಳಗಿನ ಇದ್ದಿಲ ಡಬ್ಬಿಗೆ ಮುಚ್ಚಳ ಬಿಗಿದು ಚೀಲಕ್ಕೆ ಹಾಕಿಕೊಂಡು, "ಇದನ್ನೂ ಲ್ಯಾಬಲ್ಲಿ ನೋಡ್ಬಿಟ್ಟು ಹೇಳ್ತೀನಿ. ರಜೆ ದಿನ ಬರ್ತೀನಿ. ಮಗೂನ ಅಲ್ಲೀತನಕ ಮೇಲೇ ಮಲಗಿಸಿ" ಎಂದಳು.

"ಪಾಸಾಯ್ತಲ್ಲ, ಇನ್ನೇನು ನೋಡೋದು!" ಎಂದು ಮೇಸ್ತ್ರಿ ಗಟ್ಟಿಯಾಗಿ ನಕ್ಕ. ಆ ಸಂಜೆ ಗೋಡೆಗಳನ್ನು ತಟ್ಟುತ್ತಾ ಹೋಗುವಾಗ ಯಾಕೋ ಅವು ಮೊದಲಿನಂತೆ ಮಾತಾಡಲಿಲ್ಲ.

ರಜೆಯ ದಿನ ಬಂತು. ದೊಡ್ಡವಳು ಅಡುಗೆಮನೆಯಲ್ಲಿದ್ದಳು. ಮಗುವಿನ ಬಟ್ಟೆಬರೆಯನ್ನೆಲ್ಲ ಮಡಿಸಿ ಕೆಳಗಿಳಿಸಲು ಸಿದ್ಧವಾಗಿಟ್ಟಿದ್ದಳು. ಮೊಮ್ಮಗಳು ಮೇಸ್ತ್ರಿಯ ತೊಡೆಯ ಮೇಲೆ ಮಲಗಿ, ಅವನ ಮೀಸೆಯನ್ನು ಯಾವುದೋ ಪ್ರಾಣಿ ಎಂಬಂತೆ ದಿಟ್ಟಿಸುತ್ತಿದ್ದಳು. ಅವಳಿಗೆ ಆಡಲೆಂದು ಜೇಬಿನಿಂದ ಗುಂಡು ತೆಗೆದು ದಾರ ಬಿಚ್ಚಿ ತೂಗುಬಿಟ್ಟ. ಗುಂಡು ಅತ್ತಿತ್ತ ಓಲಾಡಿ, ನಿಧಾನವಾಗಿ, ನೆಟ್ಟಗೆ ನಿಂತಿತು. ಗುಂಡು ಹೊರಬಂದ ಮೇಲೆ ಕಥೆಯೂ ಬರಲೇಬೇಕಲ್ಲ.

"ಕೇಳು ಪುಟ್ಟಿ. ಒಂದಾನೊಂದು ಕಾಲದಲ್ಲಿ ನಿನ್ನ ಅಜ್ಜ ಒಂದು ಗೋಡೆ ಕಟ್ಟಿಸ್ತಾ ಇದ್ದ. ಅಲ್ಲೊಬ್ಬ ಕಳ್ಳ ಇದ್ದ. ಗೋಡೆ ವಾಲಿತ್ತು. ಅವನೇನು ಮಾಡಿದ ಗೊತ್ತಾ? ಮೆಲ್ಲಗೆ ಬಂದು, ಯಾರಿಗೂ ಕಾಣದ ಹಾಗೆ..."

ಅಲ್ಲಿಗೆ ಕಥೆ ನಿಂತಿತು. ಮಗು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಎರಡು ತಿಂಗಳ ಆ ಬಾಯಿ ಅರ್ಧ ತೆರೆದು ಸಣ್ಣಗೆ ಉಸಿರೆಳೆಯುತ್ತಿತ್ತು.

ಅಪ್ಪ ಯಾಕೆ ನಿಲ್ಲಿಸಿದ ಎಂದು ಅರಿಯದ ದೊಡ್ಡವಳು ಒಳಗಿಂದಲೇ ಕೂಗಿ ಕಥೆ ಮುಗಿಸಿದಳು: "ದಾರ ಸುಳ್ಳು ಹೇಳಲ್ಲ, ಬೆರಳು ಹೇಳುತ್ತೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಸ್ತ್ರಿ ಬೆರಳು ನೋಡಿಕೊಂಡ. ಎಂದೋ ತೊಳೆದ ಬೆರಳು, ಆದರೂ ನೋಡಿಕೊಂಡ. ನಾಚಿಕೆ ಎಂಬುದು ಅವನಿಗೆ ಅಷ್ಟಾಗಿ ಪರಿಚಯವಿಲ್ಲದ ನೆಂಟ. ಬಂದದ್ದೇ ಎದೆಯ ನಡುಮನೆಯಲ್ಲಿ ಕೂತುಬಿಟ್ಟಿತು. ಆ ಗಾರೆಯವನಾದರೂ ಪರರ ಗೋಡೆಗೆ ಬೆರಳಿಟ್ಟ. ತಾನು ಇಟ್ಟದ್ದು ಈ ಉಸಿರಿಗೆ.

ಚಿಕ್ಕವಳು ಪಂಪಿನ ಪೆಟ್ಟಿಗೆ ಹಿಡಿದೇ ಒಳಗೆ ಬಂದಳು. ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ ಅವನು.

"ಅವತ್ತಿನದು ಸುಳ್ಳು ಲೆಕ್ಕ. ಬೆಳಗಿನಿಂದ ಫ್ಯಾನ್ ಹಾಕಿದ್ದೆ. ಕೈಯಲ್ಲಿದ್ದದ್ದು ಚೈನಿನ ಮಸಿ ಅಲ್ಲ, ರೆಕ್ಕೆ ಧೂಳು. ಮತ್ತೆ ಅಳಿ."

ಅಡುಗೆಮನೆಯಿಂದ ತಾಯಿ, ಅಕ್ಕ ಇಬ್ಬರೂ ಬಂದು ನಿಂತರು. ಚಿಕ್ಕವಳು ಪೆಟ್ಟಿಗೆ ಕೆಳಗಿಟ್ಟು ಅಪ್ಪನ ಮುಖವನ್ನೇ ನೋಡಿದಳು.

"ಗೊತ್ತಪ್ಪ," ಎಂದಳು. "ಡಬ್ಬೀಲಿ ಅನಿಲ ವಿಪರೀತ ಇದೆ. ಅಷ್ಟು ಅನಿಲ ಇದ್ದು ಮರಿಗಳು ಇಷ್ಟು ಕಮ್ಮಿ ಇರೋಕೆ ಸಾಧ್ಯಾನೇ ಇಲ್ಲ. ಫ್ಯಾನ್ ಮರಿಗಳನ್ನ ಓಡಿಸುತ್ತೆ, ಅನಿಲಾನ ಏನೂ ಮಾಡೋಕಾಗಲ್ಲ. ಮನೇಲಿ ಫ್ಯಾನಿಗೆ ತಾಗಿದ ಬೆರಳು ಯಾವುದು ಅಂತ ಅವತ್ತೇ ನೋಡಿದ್ದೆನಲ್ಲ."

"ಮತ್ತೆ ಬಾಯಿ ಬಿಡಲಿಲ್ಲ ಯಾಕೆ?"

"ಬಿಡೋಕೇ ಬಂದೆ. ಮಗೂನ ಆ ಕೋಣೆಗೆ ಇಳಿಸೋಕೆ ಬಿಡ್ತಿರಲಿಲ್ಲ. ಆದ್ರೆ ಮೆಟ್ಟಿಲು ಹತ್ತುವಾಗ ಅಂದ್ಕೊಂಡೆ, ನಮ್ಮಪ್ಪ ನನಗಿಂತ ಮೊದಲು ಹೇಳ್ತಾನೆ ಅಂತ." ಅವಳು ಈಗ ಚಪ್ಪಲಿ ಬಿಟ್ಟಳು. "ನೀನು ಒಂದೇ ಉಸಿರಿಗೆ ಹೇಳಿಬಿಟ್ಟೆ ನೋಡು."

ಮೇಸ್ತ್ರಿ ಮೀಸೆ ತಿರುವಿಕೊಂಡ. ಜಟ್ಟಿ ಬಿದ್ದಿದ್ದ, ಮೀಸೆ ಮಣ್ಣಾಗಿತ್ತು; ಆದರೂ ಎದೆ ಹಗುರವಾಗಿತ್ತು.

ಮರುದಿನ, ಫ್ಯಾನು ಕಿಟಕಿ ಮುಟ್ಟದೆ ರಾತ್ರಿ ಕಳೆದ ಕೋಣೆಯಲ್ಲಿ, ಮತ್ತೆ ಅಳೆದರು. ಸ್ವಿಚ್ಚಿನಿಂದ ದೂರ, ಎರಡೂ ಕೈ ಕಟ್ಟಿಕೊಂಡು ಮೇಸ್ತ್ರಿ ನಿಂತ. ಈ ಸಲ ಪೆಟ್ಟಿಗೆ ಟಿಕ್ ಎಂದು ಸುಮ್ಮನಾಗಲಿಲ್ಲ. ಕಾದ ಬಾಣಲೆಗೆ ಸಾಸಿವೆ ಬಿದ್ದಂತೆ ಸಿಡಿಯಿತು. ಗೆರೆಯ ಎರಡರಷ್ಟು, ಇನ್ನೂ ಮೇಲೆ.

"ನನ್ನ ಮನೆ ವಿಷ ಕಾರ್ತಿದೆಯಾ?" ಅವನ ಮುಖ ಕೆಂಪೇರಿತು.

"ಮನೆ ಅಲ್ಲಪ್ಪ, ನೆಲ. ಮನೆ ಅದನ್ನ ಹೊರಗೆ ಬಿಡ್ತಿಲ್ಲ ಅಷ್ಟೆ. ಅಷ್ಟು ಬಿಗಿಯಾಗಿ ಕಟ್ಟಿದ್ದೀಯ."

"ಒಳಗೆ ಬರೋದು ಎಲ್ಲಿಂದ? ಸಂದಿ ಎಲ್ಲಿದೆ?"

ಕೇಳಿದ ಮರುಕ್ಷಣ ಅವನಿಗೇ ಹೊಳೆಯಿತು. ಮಂಡಿಯೂರಿ ಕೂತ. ಬೆಂಕಿಕಡ್ಡಿ ಗೀರಿ ಆರಿಸಿ, ಅದರ ಹೊಗೆಯನ್ನು ಗೋಡೆಯೂ ನೆಲವೂ ಸೇರುವ ಮೂಲೆಗೆ ಹಿಡಿದ. ಹೊಗೆ ಮೂಲೆಯಿಂದ ಕೋಣೆಯ ಕಡೆಗೆ ಬಾಗಿತು, ಒಳಗಿಂದ ಯಾರೋ ಊದಿದಂತೆ. ಕಾಂಕ್ರೀಟು ಹಿಗ್ಗಿದರೆ ಗೋಡೆ ಒದೆಯದಿರಲಿ ಎಂದು ಸುತ್ತಲೂ ಬೆರಳಗಲ ಜಾಗ ಬಿಟ್ಟು, ಮೇಲೆ ಅಂದದ ಪಟ್ಟಿ ಮುಚ್ಚಿದವನು ಅವನೇ. ಕೆಳಗೆ ಜಲ್ಲಿ, ಜಲ್ಲಿಯ ತುಂಬ ಟೊಳ್ಳು, ಟೊಳ್ಳಿನ ತುಂಬ ನೆಲದ ಉಸಿರು. ತನ್ನ ಬೆನ್ನು ತನಗೆ ಕಾಣುವುದಿಲ್ಲ ಅನ್ನುವುದು ಸುಳ್ಳಲ್ಲ.

"ಮುಚ್ಚಿಬಿಡ್ತೀನಿ," ಎಂದ.

"ಮುಚ್ಚಬೇಕು. ಆದ್ರೆ ಅಷ್ಟೇ ಸಾಲದು, ಅದು ಇನ್ನೊಂದು ದಾರಿ ಹುಡುಕುತ್ತೆ. ನೆಲದಲ್ಲಿ ಒಂದು ತೂತು ಕೊರೆದು, ಕೊಳವೆ ಇಳಿಸಿ, ಸಣ್ಣ ಮೋಟಾರಿಟ್ಟು ಮಾಡಿನ ಮೇಲಕ್ಕೆ ಎಳೆದು ಹಾಕಬೇಕು. ಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಮೂರು ನಾಲ್ಕು ತೂತು ಕೊರೆದರೂ ಎಳೆಯೋದು ಕಷ್ಟ. ನಿನ್ನ ಜಲ್ಲಿ ಹಾಸು ಇದೆಯಲ್ಲ, ಒಂದೇ ತೂತು ಸಾಕು. ಇಡೀ ನೆಲದಡಿ ಗಾಳಿ ಸಲೀಸಾಗಿ ಹರಿದು ಬರುತ್ತೆ."

ಮೇಸ್ತ್ರಿ ತಲೆಯೆತ್ತಿದ. "ಒಂದೇ ಸಾಕಾ?"

"ಒಂದೇ."

"ಅದು ಹಾಸು ಅಂದ್ರೆ!" ಎಂದು ಹೆಂಡತಿಯತ್ತ ತಿರುಗಿ ಕೂಗಿದ. ತಿಂಗಳುಗಳಿಂದ ಮಲಗಿದ್ದ ಉಳಿ ಸುತ್ತಿಗೆಗಳು ಆ ಹೊತ್ತಿಗೇ ಎದ್ದವು. ಬಾಡಿಗೆ ಯಂತ್ರ ಬಂದು ನುಣ್ಣನೆಯ ನೆಲವನ್ನು ಕೊರೆಯುವಾಗ ಹೆಂಡತಿ ಕಿವಿ ಮುಚ್ಚಿಕೊಂಡು, "ಮನೆ ಕಟ್ಟಿ ನೋಡು ಅಂದಿದ್ರು ಹಿರಿಯರು. ಕಟ್ಟಿದ ಮನೆಗೆ ತೂತು ಕೊರೆದು ನೋಡು ಅಂತ ಯಾರೂ ಹೇಳಿರಲಿಲ್ಲ" ಎಂದಳು. ಅವನು ಸುತ್ತಲಿನ ಸಂದಿಯನ್ನು ಮುಚ್ಚಿ, ಕೊಳವೆಯನ್ನು ಗೋಡೆಗುಂಟ ಮಾಡಿನವರೆಗೆ ಏರಿಸಿ, ಪಕ್ಕದಲ್ಲಿ ತೂಗುಗುಂಡು ಇಳಿಬಿಟ್ಟು, ಕೂದಲೆಳೆಯಷ್ಟು ವಾಲದಂತೆ ನಿಲ್ಲಿಸಿದ. ಬರೀ ಗಾಳಿ ಹೋಗುವ ಕೊಳವೆ ವಾಲಿದರೆ ಏನಂತೆ ಎಂದು ದೊಡ್ಡವಳು ಕೇಳಿದ್ದಕ್ಕೆ ಎರಡು ದಿನ ಅವಳ ಜೊತೆ ಮಾತು ಬಿಟ್ಟ.

ಮೂರನೆಯ ಸಲ ಅಳೆದಾಗ ಪೆಟ್ಟಿಗೆ ತೂಕಡಿಸಿತು. ಟಿಕ್. ಬಹಳ ಹೊತ್ತಿನ ಮೇಲೆ ಇನ್ನೊಂದು ಟಿಕ್. ಇದ್ದಿಲ ಡಬ್ಬಿಯೂ ಅದನ್ನೇ ಹೇಳಿತು. ಮಗು ತನ್ನ ಮಂಚದ ಮೇಲೆ, ತನ್ನ ಕೋಣೆಯಲ್ಲಿ, ಬಾಯಿ ಅರ್ಧ ತೆರೆದು ಮಲಗಿತು. ಮೇಸ್ತ್ರಿ ಬಾಗಿಲಲ್ಲಿ ನಿಂತು ಅದರ ಉಸಿರು ಕೇಳಿದ. ತಾನು ಕಟ್ಟಿದ್ದು ಈಗ ಮುಗಿಯಿತು ಅನ್ನಿಸಿತು.

ಆದರೆ ಆ ಸಂಜೆ ಎಡಸಾಲಿನ ಮೊದಲ ಮನೆಯ ಗೋಡೆ ತಟ್ಟಲು ಹೋದ ಕೈ ಅರ್ಧಕ್ಕೇ ನಿಂತಿತು. ಅದು ದರ್ಜಿಯ ಮನೆ. ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು. ದರ್ಜಿ ಬೆಳಗಿನಿಂದ ಸಂಜೆವರೆಗೂ ಕೂರುವುದು ಅಲ್ಲೇ. ಅದೇ ಜಲ್ಲಿ, ಅದೇ ಬೆರಳಗಲ ಸಂದಿ, ಅದೇ ಅಂದದ ಪಟ್ಟಿ. ಅದರಾಚೆಯದೂ ಹಾಗೇ. ಅದರಾಚೆಯದೂ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಚಹದಂಗಡಿಗೆ ವರ್ಷಕ್ಕಾಗುವಷ್ಟು ಮಾತು. ಮೇಸ್ತ್ರಿ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಗೋಡೆ ಬಿಟ್ಟು ಬಾಗಿಲು ತಟ್ಟಿದ.

"ನಿನ್ನ ಮನೆ ಕಟ್ಟಿದೋನು ನಾನು," ಎಂದ, ಕೊರಳಿಗೆ ಟೇಪು ಹಾಕಿಕೊಂಡೇ ಹೊರಬಂದ ದರ್ಜಿಗೆ.

"ಗೊತ್ತಲ್ಲ ಮೇಸ್ತ್ರಿ, ದಿನಾ ತಟ್ಟಿ ಜ್ಞಾಪಿಸ್ತೀಯಲ್ಲ."

"ನನ್ನ ಮನೆಗೆ ತೂತು ಕೊರೆದಿದ್ದೀನಿ. ನಿನ್ನದಕ್ಕೂ ಬೇಕಾಗಬಹುದು. ಬೇಕಾದ್ರೆ ನಾನೇ ಕೊರೀತೀನಿ, ನನ್ನ ಕೈ ಕೆಲಸ, ನನ್ನ ಜವಾಬ್ದಾರಿ. ಮೊದಲು ನನ್ನ ಮಗಳು ಬಂದು ಅಳೀತಾಳೆ. ಅವಳ ಲೆಕ್ಕ ಅಂದ್ರೆ ಲೆಕ್ಕ."

ಮುಂದಿನ ರಜೆಯ ದಿನ ದರ್ಜಿಯ ಕೆಳಗಿನ ಕೋಣೆಯಲ್ಲಿ, ಬಟ್ಟೆ ತುಂಡುಗಳ ನಡುವೆ, ಚಿಕ್ಕವಳು ಪಂಪು ಸಿದ್ಧಮಾಡಿ ಚಿಮಟದಲ್ಲಿ ಹೊಸ ಕಾಗದ ಎತ್ತಿಕೊಂಡಳು. ವಿಷಯ ತಿಳಿದು ಎಡಸಾಲಿನ ಅರ್ಧ ಜನ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಅವರ ನಡುವೆ ಆ ಇನ್ನೊಬ್ಬ ಮೇಸ್ತ್ರಿಯೂ ಕತ್ತು ಚಾಚಿದ್ದ. ಮುಚ್ಚಿದ ಕೋಣೆ, ಸೆಕೆ. ಕೊರಳು ಒರೆಸಿಕೊಳ್ಳುತ್ತಾ ದರ್ಜಿ, ಪಾಪ, ಏನೂ ತಿಳಿಯದವನು, ಫ್ಯಾನಿನ ಸ್ವಿಚ್ಚಿನತ್ತ ಕೈ ಚಾಚಿದ.

"ಏಯ್!" ಮೇಸ್ತ್ರಿಯ ಗುಡುಗಿಗೆ ಕೋಣೆಯೆಲ್ಲ ಬೆಚ್ಚಿತು. "ದಾರ ಮುಟ್ಟಬೇಡ!"

ಯಾವ ದಾರ ಎಂದು ದರ್ಜಿ ತನ್ನ ಮೇಜಿನ ಮೇಲಿನ ಉಂಡೆಗಳನ್ನೆಲ್ಲ ನೋಡಿದ. ಚಿಕ್ಕವಳು ಮಾತ್ರ ಚಿಮಟದಲ್ಲಿದ್ದ ಕಾಗದವನ್ನು ಪಂಪಿನ ಬಾಯಿಗೆ ಕೂರಿಸುತ್ತಾ, ಅಪ್ಪನ ಕಡೆ ನೋಡದೆ, "ಕೇಳಿದ್ರಲ್ಲ, ನಮ್ಮ ಮೇಸ್ತ್ರಿ ಹೇಳಿದ್ದು? ಯಾರೂ ಮುಟ್ಟಬೇಡಿ" ಎಂದಳು.